ಸೂಳೆಕೆರೆಗೆ ಜೆಸಿಬಿ ಇಳಿಸುವ ಮೊದಲು ಅದರ ಆಳ ಅಳೆಯಿರಿ

ದಾವಣಗೆರೆ ಮತ್ತು ಚಿತ್ರದುರ್ಗದ ಜಿಲ್ಲಾಧಿಕಾರಿಗಳಿಗೆ, ನೀರಾವರಿ ಇಲಾಖೆಯ ಎಂಜಿನಿಯರರಿಗೆ, ಎರಡೂ ಜಿಲ್ಲೆಯ ಜನಪ್ರತಿನಿಧಿಗಳಿಗೆ, ಹಾಗೂ ಆ ಕೆರೆಯ ನೀರು ಕುಡಿಯುವ ಎಲ್ಲರಿಗೆ,

ಮಾನ್ಯರೇ,

ನಾನು ಚನ್ನಗಿರಿ ತಾಲ್ಲೂಕಿನವನು. ಹುಡುಗನಾಗಿದ್ದಾಗ ಸೂಳೆಕೆರೆಯ ಏರಿ ಮೇಲೆ ಎಮ್ಮೆ ಹೊಡೆದುಕೊಂಡು ಓಡಾಡಿದ್ದೇನೆ. ಹೊಟ್ಟೆಪಾಡಿಗೆ ಘಟ್ಟ ಇಳಿದವನು ಇಪ್ಪತ್ತೆಂಟು ವರ್ಷ ಬಂದರುಗಳಲ್ಲಿ ಹೂಳೆತ್ತುವ ಹಡಗುಗಳ ಮೇಲೆ ದುಡಿದೆ. ಈಗ ನಿವೃತ್ತನಾಗಿ ಚಿತ್ರದುರ್ಗದಲ್ಲಿ ಮಗಳ ಮನೆ ಪಕ್ಕದಲ್ಲೇ ಇದ್ದೇನೆ. ಇಲ್ಲಿಯ ನಲ್ಲಿಗೂ ಅದೇ ಸೂಳೆಕೆರೆಯ ನೀರು ಬರುತ್ತದೆ. ಹಾಗಾಗಿ ಈ ಕೆರೆಯ ವಿಷಯದಲ್ಲಿ ಸುಮ್ಮನಿರಲು ನನಗೆ ಆಗುವುದಿಲ್ಲ.

ಪ್ರತಿ ಬೇಸಿಗೆ ನೀರು ಹಿಂದಕ್ಕೆ ಸರಿದಂತೆ ನಮ್ಮಲ್ಲಿ ಒಂದು ಮಾತು ಏಳುತ್ತದೆ: ಹೂಳೆತ್ತಬೇಕು. ಎಷ್ಟು ಕೋಟಿ ಬೇಕು, ಯಾರು ಕೊಡುತ್ತಾರೆ, ಎಷ್ಟು ಜೆಸಿಬಿ, ಎಷ್ಟು ಟ್ರ್ಯಾಕ್ಟರ್ ಎಂದು ಚರ್ಚೆಯಾಗುತ್ತದೆ. ಈ ಹೊತ್ತು ಕೆರೆಯ ತಳ ಎಲ್ಲಿದೆ ಎಂದು ಕೇಳಿದವರನ್ನು ಮಾತ್ರ ನಾನು ಯಾವ ಸಭೆಯಲ್ಲೂ ಕಂಡಿಲ್ಲ. ನನ್ನ ಇಡೀ ನೌಕರಿ ಆ ಒಂದು ಪ್ರಶ್ನೆಯ ಮೇಲೇ ನಡೆದದ್ದು. ಅದಕ್ಕೇ ಈ ಪತ್ರ.

ಮೊದಲು ಒಂದು ಲೆಕ್ಕ. ಸೂಳೆಕೆರೆಯ ವಿಸ್ತೀರ್ಣ 6,550 ಎಕರೆ ಎಂದು ದಾಖಲೆಗಳು ಹೇಳುತ್ತವೆ. ಅಷ್ಟೂ ಜಾಗದಲ್ಲಿ ಒಂದೇ ಒಂದು ಅಡಿ ಹೂಳು ತೆಗೆಯಬೇಕೆಂದುಕೊಳ್ಳಿ. ಎಕರೆಗೆ 43,560 ಚದರಡಿಯಂತೆ ಹಿಡಿದರೆ ಇಪ್ಪತ್ತೆಂಟೂವರೆ ಕೋಟಿ ಘನ ಅಡಿ ಮಣ್ಣಾಯಿತು. ಟ್ರ್ಯಾಕ್ಟರ್ ಟ್ರೈಲರಿಗೆ ನೂರು ಘನ ಅಡಿ ಹಿಡಿಸಿದರೂ ಇಪ್ಪತ್ತೆಂಟೂವರೆ ಲಕ್ಷ ಲೋಡು. ದಿನಕ್ಕೆ 500 ಲೋಡಿನಂತೆ ಹಬ್ಬ, ಮಳೆ, ಭಾನುವಾರ ಯಾವುದನ್ನೂ ನೋಡದೆ ಹೊಡೆದರೆ ಹದಿನೈದು ವರ್ಷ ದಾಟುತ್ತದೆ. ಇಷ್ಟು ಮಾಡಿದರೆ ಸಿಗುವ ಹೆಚ್ಚುವರಿ ನೀರು ಕಾಲು ಟಿಎಂಸಿಗಿಂತ ಚೂರು ಜಾಸ್ತಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಹೂಳೆತ್ತುವುದೇ ಬೇಡವೆನ್ನಲು ಈ ಲೆಕ್ಕ ಕೊಡುತ್ತಿಲ್ಲ. ಇಷ್ಟು ದೊಡ್ಡ ಕೆರೆಯಲ್ಲಿ ಎಲ್ಲಿ ತೆಗೆಯಬೇಕು ಎಂದು ತಿಳಿಯದೆ ಇಳಿದರೆ ಹಣವೂ ಹೋಗುತ್ತದೆ, ಬೇಸಿಗೆಯೂ ಹೋಗುತ್ತದೆ ಎಂಬುದಷ್ಟೇ ನನ್ನ ಆತಂಕ.

ಬಂದರಿನಲ್ಲಿ ಹೇಗೆ ನಡೆಯುತ್ತದೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದಿ. ಪಣಂಬೂರಿನ ನವ ಮಂಗಳೂರು ಬಂದರನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅಲ್ಲಿ ಪ್ರಕೃತಿ ಕೊಟ್ಟ ಬಂದರು ಇರಲಿಲ್ಲ. ತೀರವನ್ನೇ ಅಗೆದು ಒಳಗೊಂದು ಕೊಳ ಮಾಡಿ, ಕಡಲಿನ ತಳದಲ್ಲಿ ದಾರಿ ತೋಡಿ, ಎರಡು ಕಡೆ ಕಲ್ಲಿನ ಅಲೆತಡೆ ಕಟ್ಟಿದ್ದು. 1974ರಲ್ಲಿ ಅದು ದೇಶದ ಒಂಬತ್ತನೆಯ ಪ್ರಧಾನ ಬಂದರಾಯಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಆಮೇಲೆ ಕುದುರೆಮುಖದ ಅದಿರು ಕೊಳವೆಯಲ್ಲಿ ಕೆಸರಾಗಿ ಹರಿದು ಬಂದಾಗ ಅದನ್ನು ಹೊರುವ ದೊಡ್ಡ ಹಡಗುಗಳಿಗೆ ದಾರಿಯನ್ನು ಇನ್ನೂ ಆಳ ಮಾಡಬೇಕಾಯಿತು. ಇವತ್ತು ಹಡಗಿನ ಆ ದಾರಿ ಸುಮಾರು 7.5 ಕಿಲೋಮೀಟರ್ ಉದ್ದ, 245 ಮೀಟರ್ ಅಗಲ, 15 ಮೀಟರಿಗೂ ಸ್ವಲ್ಪ ಹೆಚ್ಚು ಆಳ. ನಾವದನ್ನು ಚಾನೆಲ್ ಎನ್ನುತ್ತೇವೆ. ಮೇಲಿನಿಂದ ನೋಡಿದರೆ ಏನೂ ಕಾಣದು, ಎಲ್ಲ ಕಡೆಯೂ ಒಂದೇ ಸಮುದ್ರ. ದಾರಿಯ ಎರಡೂ ಬದಿಗೆ ತೇಲುವ ಬೋಯಾಗಳೇ ಗುರುತು.

ಸಮುದ್ರಕ್ಕೆ ತನ್ನ ತಳದಲ್ಲಿ ಹಳ್ಳ ಇರುವುದು ಸೇರುವುದಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಲೆ ತಳದ ಕೆಸರನ್ನು ಕಲಕಿ ಎಬ್ಬಿಸುತ್ತದೆ. ಅದು ಬಂದು ಚಾನೆಲ್ಲಿನಲ್ಲಿ ಕೂರುತ್ತದೆ. ಅದಕ್ಕೇ ಮಳೆಗಾಲ ಮುಗಿಯುತ್ತಿದ್ದಂತೆ ಪ್ರತಿ ವರ್ಷವೂ ಡ್ರೆಜ್ಜರ್, ಅಂದರೆ ಹೂಳೆತ್ತುವ ಹಡಗು, ಬರಲೇಬೇಕು. ನಾನಿದ್ದ ಹಡಗುಗಳಲ್ಲಿ ಎರಡೂ ಪಕ್ಕಕ್ಕೆ ಆನೆಯ ಸೊಂಡಿಲಿನಂಥ ಉದ್ದನೆಯ ಕೊಳವೆ. ಅದರ ತುದಿಯನ್ನು ತಳಕ್ಕೆ ತಾಗಿಸಿ, ಮನುಷ್ಯ ನಡೆಯುವಷ್ಟೇ ನಿಧಾನಕ್ಕೆ ಹಡಗು ಓಡಿಸುತ್ತಾ ಹೋದರೆ ಪಂಪು ಕೆಸರು ನೀರನ್ನು ಎಳೆದು ಹೊಟ್ಟೆಗೆ ತುಂಬುತ್ತದೆ. ಆ ಹೊಟ್ಟೆಗೆ ಹಾಪರ್ ಎನ್ನುತ್ತೇವೆ. ತುಂಬಿದ ಮೇಲೆ ದೂರ ಕಡಲಿಗೆ ಹೋಗಿ ತಳದ ಬಾಗಿಲು ತೆರೆದರೆ ಎಲ್ಲವೂ ಕೆಳಗೆ. ಮತ್ತೆ ವಾಪಸ್. ಹಗಲು ರಾತ್ರಿ ಇದೇ ಕೆಲಸ.

ಇಷ್ಟೆಲ್ಲ ಯಾಕೆ? ಹಡಗಿನವನಿಗೆ ಒಂದು ಅಡಿ ಆಳದ ಬೆಲೆ ಗೊತ್ತು. 225 ಮೀಟರ್ ಉದ್ದದ ಸರಕು ಹಡಗು ಒಂದು ಸೆಂಟಿಮೀಟರ್ ಹೆಚ್ಚು ಮುಳುಗಬೇಕಾದರೆ ಸುಮಾರು 65 ಟನ್ ಸರಕು ಹೇರಬೇಕು. ಚಾನೆಲ್ಲಿನಲ್ಲಿ ಒಂದಡಿ ಹೂಳು ನಿಂತರೆ ಅಂಥ ಪ್ರತಿ ಹಡಗು ಎರಡು ಸಾವಿರ ಟನ್ ಕಡಿಮೆ ಹೇರಿಕೊಂಡು ಬರಬೇಕು. ಆ ಸರಕಿನಲ್ಲಿ ನಮ್ಮ ಪಾಲೂ ಇದೆ. ದೇಶಕ್ಕೆ ಬೇಕಾದ ಪೊಟ್ಯಾಷ್ ಗೊಬ್ಬರ ಹೆಚ್ಚೂಕಡಿಮೆ ಪೂರ್ತಿ ಹೊರದೇಶದ್ದು, ಹಡಗಿನಲ್ಲೇ ಬರಬೇಕು. ದಾವಣಗೆರೆಯ ಮೆಕ್ಕೆಜೋಳದ ಹೊಲಕ್ಕೆ ಬೀಳುವ ಆ ಕೆಂಪು ಹರಳು ಯಾವುದೋ ಬಂದರಿನ ಹೂಳೆತ್ತಿದ ದಾರಿಯಲ್ಲೇ ಒಳಬಂದದ್ದು. ಹಡಗು ಓಡುವಾಗ ನಿಂತಾಗಿನದಕ್ಕಿಂತ ಸ್ವಲ್ಪ ಹೆಚ್ಚೇ ತಗ್ಗುತ್ತದೆ, ಅಲೆಗೆ ಏರಿಳಿಯುತ್ತದೆ. ಹೊಟ್ಟೆಯ ಕೆಳಗೆ ಉಳಿಯುವ ನೀರು ಕೆಲವೊಮ್ಮೆ ಮೊಣಕೈ ಉದ್ದದ ಲೆಕ್ಕದಲ್ಲಿರುತ್ತದೆ. ಹಡಗನ್ನು ಬಂದರಿನೊಳಗೆ ದಾರಿ ತೋರಿಸಿ ತರುವ ಪೈಲಟ್ ಆದವನು ಆ ಲೆಕ್ಕವನ್ನು ಅಂದಾಜಿನ ಮೇಲೆ ಹಿಡಿದರೆ ಹಡಗು ತಳ ಹಿಡಿದು ಇಡೀ ಬಂದರಿನ ಬಾಗಿಲು ಮುಚ್ಚಿಹೋಗುತ್ತದೆ.

ಹಾಗಾಗಿ ಅಳತೆಯಿಲ್ಲದೆ ಅಲ್ಲಿ ಏನೂ ನಡೆಯುವುದಿಲ್ಲ. ಕೆಲಸ ಶುರುವಾಗುವ ಮೊದಲು ಸಣ್ಣ ಸರ್ವೆ ದೋಣಿ ಚಾನೆಲ್ಲಿನ ಅಡ್ಡಡ್ಡ ಗೆರೆ ಹಿಡಿದು ಓಡುತ್ತದೆ. ಎಕೋ ಸೌಂಡರ್ ಎಂಬ ಯಂತ್ರ ತಳಕ್ಕೆ ಸದ್ದು ಬಿಟ್ಟು, ಅದು ವಾಪಸ್ ಬರುವ ಹೊತ್ತಿನಿಂದ ಆಳ ಹೇಳುತ್ತದೆ. ಜಿಪಿಎಸ್ ಜಾಗ ಹೇಳುತ್ತದೆ. ಉಬ್ಬರ ಇಳಿತದ ಲೆಕ್ಕ ಕಳೆದು ನಕ್ಷೆ ತಯಾರಾಗುತ್ತದೆ. ಕೆಲಸ ಮುಗಿದ ಮೇಲೆ ಅದೇ ಗೆರೆಗಳ ಮೇಲೆ ಇನ್ನೊಂದು ಸಲ ಅಳತೆ. ಎರಡು ನಕ್ಷೆಗಳ ನಡುವಿನ ವ್ಯತ್ಯಾಸವೇ ಆದ ಕೆಲಸ. ಹೇಳಿದ ಆಳಕ್ಕಿಂತ ಕೆಳಗೆ ಇಷ್ಟು ಅಂತ ಒಂದು ಮಿತಿ ಇರುತ್ತದೆ. ಅದನ್ನೂ ಮೀರಿ ಅಗೆದರೆ ಆ ಮಣ್ಣಿಗೆ ದುಡ್ಡಿಲ್ಲ.

ಅಳತೆಯಲ್ಲೂ ಒಂದು ಸೂಕ್ಷ್ಮವಿದೆ, ನಮ್ಮ ಕೆರೆಗೆ ಅದು ನೇರವಾಗಿ ಅನ್ವಯಿಸುತ್ತದೆ. ಹೊಸದಾಗಿ ಕೂತ ಹೂಳು ಗಟ್ಟಿ ಮಣ್ಣಲ್ಲ, ಅಂಬಲಿ ಇದ್ದ ಹಾಗೆ ಇರುತ್ತದೆ. ಯಂತ್ರದ ತೀಕ್ಷ್ಣ ಸದ್ದು ಅಂಬಲಿಯ ಮೇಲ್ಮೈಗೇ ತಾಗಿ ಹಿಂದಿರುಗುತ್ತದೆ. ದಪ್ಪ ಸದ್ದು ಅದನ್ನು ತೂರಿಕೊಂಡು ಕೆಳಗಿನ ಗಟ್ಟಿ ತಳದವರೆಗೆ ಹೋಗುತ್ತದೆ. ಒಂದೇ ಜಾಗಕ್ಕೆ ಎರಡು ತಳ! ಯಾವ ತಳದಿಂದ ಅಳೆಯಬೇಕೆಂದು ಮೊದಲೇ ಕಾಗದದಲ್ಲಿ ಬರೆಯದಿದ್ದರೆ ಕೆಲಸಕ್ಕೆ ಮುಂಚೆ ಒಂದನ್ನು, ಆಮೇಲೆ ಇನ್ನೊಂದನ್ನು ತೋರಿಸಿ ಏನೂ ಮಾಡದೆಯೇ ಬಿಲ್ಲು ಬರೆಯಬಹುದು.

ಬಂದರಿನವರೆಲ್ಲ ಸತ್ಯಹರಿಶ್ಚಂದ್ರರು ಎಂದು ಹೇಳಲಾರೆ. ನೌಕರಿಯ ಮೊದಲ ವರ್ಷಗಳಲ್ಲಿ ಒಂದು ಬಂದರಿನಲ್ಲಿ ನಮಗೆ ಹಾಪರ್ ಲೆಕ್ಕದ ಮೇಲೆ ದುಡ್ಡು ಸಿಗುತ್ತಿತ್ತು. ಎಷ್ಟು ಸಲ ಹೊಟ್ಟೆ ತುಂಬಿತು, ಎಷ್ಟು ಸಲ ಸುರಿದೆವು, ಅಷ್ಟೇ. ಮೇಲಿನಿಂದ ಬಂದ ಆಜ್ಞೆಯಂತೆ ಬೇಗ ಬೇಗ ತುಂಬಿದೆವು. ಹೊಟ್ಟೆಯಲ್ಲಿ ಮುಕ್ಕಾಲು ಬರೀ ನೀರು. ಎಣ್ಣೆ ಉಳಿಸಲು ಸುರಿಯುವ ಜಾಗವನ್ನೂ ಹತ್ತಿರಕ್ಕೆ ಎಳೆದುಕೊಂಡರು. ನಾವು ಸುರಿದದ್ದನ್ನು ಸೆಳೆತ ಮತ್ತೆ ಚಾನೆಲ್ಲಿಗೇ ತಂದು ಹಾಕುತ್ತಿತ್ತು. ಋತು ಮುಗಿದಾಗ ಪುಸ್ತಕದಲ್ಲಿ ಲೋಡುಗಳ ಸಾಲು ಉದ್ದವಿತ್ತು, ಸರ್ವೆ ದೋಣಿ ಅಳೆದರೆ ಆಳ ಹೆಚ್ಚೇನೂ ಬದಲಾಗಿರಲಿಲ್ಲ. ನಾನೂ ಆ ಡೆಕ್ಕಿನ ಮೇಲೆ ನಿಂತು ಲೋಡು ಎಣಿಸಿದವನೇ. ಆ ನಾಚಿಕೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆಮೇಲಿನ ವರ್ಷಗಳಲ್ಲಿ ನಾನು ಕಂಡ ಗುತ್ತಿಗೆಗಳಲ್ಲಿ ಲೋಡಿನ ಲೆಕ್ಕ ಬಿಟ್ಟು ತಳದ ಅಳತೆಯ ಮೇಲೆ ದುಡ್ಡು ಕೊಟ್ಟಲ್ಲಿ ಮಾತ್ರ ಕೆಲಸ ನೆಟ್ಟಗಾಯಿತು.

ನಿವೃತ್ತನಾಗಿ ಊರಿಗೆ ಬಂದ ಮೇಲೆ ನಮ್ಮ ಕಡೆಯ ಒಂದು ಸಣ್ಣ ಕೆರೆಯ ಹೂಳೆತ್ತುವುದನ್ನು ನೋಡಲು ಹೋದೆ. ಏರಿಯ ಮೇಲೆ ಕುರ್ಚಿ ಹಾಕಿಕೊಂಡು ಒಬ್ಬ ಹುಡುಗ ಟ್ರ್ಯಾಕ್ಟರ್ ಎಣಿಸಿ ಗೀಟು ಎಳೆಯುತ್ತಿದ್ದ. ಎದೆ ಧಸಕ್ಕೆಂದಿತು. ಅದೇ ಹಾಪರ್ ಲೆಕ್ಕ! ಅಗೆದ ಮಣ್ಣು ಸಡಿಲಾಗಿ ಉಬ್ಬುತ್ತದೆ, ನೆಲದಲ್ಲಿ ನಾಲ್ಕು ಪಾಲು ಇದ್ದದ್ದು ಟ್ರೈಲರಿನಲ್ಲಿ ಐದು ಪಾಲಾಗಿ ಕಾಣುತ್ತದೆ. ರೈತರು ಒಯ್ದಷ್ಟು ಒಯ್ದರು, ಉಳಿದದ್ದನ್ನು ಕೆರೆಯ ಅಂಚಿನಲ್ಲೇ ಗುಡ್ಡೆ ಹಾಕಿದರು. ಮೊದಲ ಎರಡು ಹದ ಮಳೆಗೆ ಆ ಗುಡ್ಡೆ ಕರಗಿ ಒಳಗೇ ಇಳಿಯಿತು. ಜೆಸಿಬಿಯವನು ಗೋಡೆಯ ಹಾಗೆ ನೆಟ್ಟಗೆ ಕಡಿದು ಗುಂಡಿಗಳನ್ನು ಬಿಟ್ಟು ಹೋಗಿದ್ದ. ಬಂದರಿನಲ್ಲಿ ಚಾನೆಲ್ಲಿನ ಪಕ್ಕಗಳನ್ನು ಮಣ್ಣಿನ ಗುಣ ನೋಡಿ ಇಳಿಜಾರಾಗಿಯೇ ಬಿಡುತ್ತಾರೆ. ಮೆದು ಕೆಸರಾದರೆ ಒಂದು ಮೀಟರ್ ಇಳಿಯಲು ಐದು ಮೀಟರ್, ಕೆಲವು ಕಡೆ ಇನ್ನೂ ಹೆಚ್ಚು ಅಡ್ಡ ಬೇಕು. ಇಲ್ಲಿ ನೀರು ತುಂಬಿದ ಮೇಲೆ ನಮ್ಮ ಕೇರಿಯವರ ಒಂದು ಎಮ್ಮೆ ಗುಂಡಿಗೆ ಇಳಿದು ಹತ್ತಲಾರದೆ ಸತ್ತಿತು. ಅದೇ ಕೆರೆಯಲ್ಲಿ ಮಕ್ಕಳು ಈಜುತ್ತಾರೆ ಸ್ವಾಮಿ.

ಇನ್ನು ಸೂಳೆಕೆರೆಯ ಮಾತು.

ಆ ಕೆರೆಯನ್ನು ಕಟ್ಟಿದವರ ಜಾಗದ ಆಯ್ಕೆ ನೋಡಿದರೆ ನಮ್ಮಂಥವರು ಕೈ ಮುಗಿಯಬೇಕು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಲಾಗಿ ಪುಟ್ಟ ಏರಿ ಹಾಕಿ ಅಷ್ಟು ದೊಡ್ಡ ನೀರು ನಿಲ್ಲಿಸಿದರು. ಹರಿದ್ರಾ ಹಳ್ಳದ ನೀರು. ಸಿದ್ದನ ತೂಬು, ಬಸವನ ತೂಬು ಎಂದು ಎರಡು ತೂಬು. ಈ ಕೆರೆ ಕಟ್ಟಿಸಿದಳೆಂದು ಹೇಳುವ ಶಾಂತವ್ವನ ಕಥೆ ನಮ್ಮೂರಿನ ಮಕ್ಕಳಿಗೆಲ್ಲ ಗೊತ್ತು. ಎಂಟು ಒಂಬತ್ತು ನೂರು ವರ್ಷದಿಂದ ನಿಂತಿರುವ ಏರಿಯ ಬುಡಕ್ಕೆ ಯಂತ್ರ ಹೋಗಲೇಬಾರದು. ಅಲ್ಲಿ ಕೂತ ಹಳೆಯ ಜೇಡಿ ಏರಿಗೆ ಒತ್ತುಗಲ್ಲಿನಂತೆ ಆಸರೆ, ನೀರು ಸೋರದಂತೆ ಮೆತ್ತಿದ ಲೇಪವೂ ಹೌದು. ಹೂಳು ಅಂತ ಅದನ್ನೂ ಬಾಚಿದರೆ ಮುಂದೆ ಏನಾಗುತ್ತದೆಂದು ಹೇಳಲು ನನಗೆ ಧೈರ್ಯವಿಲ್ಲ.

ತೂಬಿನ ತಳಮಟ್ಟಕ್ಕಿಂತ ಕೆಳಗೆ ಅಗೆದ ಆಳ ಅಚ್ಚುಕಟ್ಟಿಗೆ ಒಂದು ಬಿಂದಿಗೆ ನೀರನ್ನೂ ಹೆಚ್ಚಿಸುವುದಿಲ್ಲ, ಏಕೆಂದರೆ ಆ ನೀರು ತೂಬಿಗೆ ಹತ್ತುವುದೇ ಇಲ್ಲ. ಮೀನಿಗೆ ಒಳ್ಳೆಯದು, ಪಂಪು ಹಾಕಿ ಎತ್ತುವ ಕುಡಿಯುವ ನೀರಿಗೂ ಒದಗೀತು. ಯಾವುದಕ್ಕೆ ಅಗೆಯುತ್ತಿದ್ದೇವೆ ಎಂದು ಮೊದಲು ತೀರ್ಮಾನವಾಗಲಿ. ಬಂದರಿನಲ್ಲೂ ಇದೇ ಮಾತು: ಚಾನೆಲ್ಲಿನಲ್ಲಿ ಒಂದು ಕಡೆ ಮೂವತ್ತು ಮೀಟರ್ ಆಳ ಇದ್ದರೂ ಇನ್ನೊಂದು ಕಡೆ ಹತ್ತೇ ಇದ್ದರೆ ಬರುವ ಹಡಗು ಹತ್ತು ಮೀಟರಿನದ್ದೇ.

ಹೂಳು ಕೆರೆಯಲ್ಲಿ ಸಮನಾಗಿ ಕೂರುವುದೂ ಇಲ್ಲ. ಹಳ್ಳ ಬಂದು ಸೇರುವ ಬಾಯಿಯಲ್ಲಿ ನೀರಿನ ರಭಸ ಕುಗ್ಗುತ್ತಲೇ ಮರಳು, ಗರಸು ಮೊದಲು ಬೀಳುತ್ತದೆ. ನುಣುಪು ಜೇಡಿ ದೂರ ತೇಲಿ ಏರಿಯ ಕಡೆ ಆಳದಲ್ಲಿ ಕೂರುತ್ತದೆ. ಬಂದರುಗಳಲ್ಲಿ ಕೆಸರು ಬರುವ ದಿಕ್ಕಿಗೆ ಬೇಕೆಂದೇ ಒಂದು ಆಳದ ಗುಂಡಿ ತೋಡಿ ಇಡುತ್ತಾರೆ. ಕೆಸರು ಮೊದಲು ಅದರೊಳಗೆ ಬೀಳಲಿ, ಅಲ್ಲಿಂದ ತೆಗೆಯುವುದು ಸುಲಭ ಎಂದು. ಸೂಳೆಕೆರೆಗೆ ಬಂದು ಸೇರುವ ಹಳ್ಳಗಳ ಬಾಯಿಯಲ್ಲಿ ಇಂಥ ಹೂಳುಗುಂಡಿ ಮಾಡಿ, ಇಳಿಜಾರು ಬಿಟ್ಟು, ವರ್ಷ ವರ್ಷ ಖಾಲಿ ಮಾಡಬಹುದು. ಬೇಸಿಗೆಯಲ್ಲಿ ಅದು ಒಣಗುತ್ತದೆ, ಟ್ರ್ಯಾಕ್ಟರ್ ಹೋಗುತ್ತದೆ. ತೋಟದವರಿಗೆ ಕೆರೆ ಗೋಡು ಬೇಕೇ ಬೇಕು, ಚನ್ನಗಿರಿ ಸೀಮೆಯ ಅಡಿಕೆಗೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಹಳ್ಳಿವಾರು ಪಾಳಿ ಹಚ್ಚಿ ಕೊಡಿ. ಕೊಚ್ಚಿಯಲ್ಲಿ ಬ್ರಿಸ್ಟೋ ಎಂಬ ಎಂಜಿನಿಯರ್ ಹಡಗಿನ ದಾರಿಯಿಂದ ತೆಗೆದ ಕೆಸರನ್ನೇ ತುಂಬಿಸಿ ವಿಲ್ಲಿಂಗ್ಡನ್ ದ್ವೀಪ ಮಾಡಿದ. ಹೂಳಿಗೆ ಹೋಗಿ ಸೇರುವ ಜಾಗ ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ನೀರು ನಿಂತಿರುವ ಆಳದ ಭಾಗಕ್ಕೆ ಜೆಸಿಬಿ ಹೋಗಲಾರದು. ನಾನು ದುಡಿದಂಥ ಹಡಗು ಇಲ್ಲಿಗೆ ಬರುವುದಿಲ್ಲ. ಆದರೆ ಲಾರಿಗಳಲ್ಲಿ ಬಿಡಿಬಿಡಿಯಾಗಿ ತಂದು ನೀರಿನ ಮೇಲೆ ಜೋಡಿಸುವ ಸಣ್ಣ ಕಟರ್ ಡ್ರೆಜ್ಜರ್‌ಗಳಿವೆ. ಮುಂದಿನ ಹಲ್ಲುಚಕ್ರ ತಳವನ್ನು ಕೆರೆಯುತ್ತದೆ, ಪಂಪು ಕೆಸರನ್ನು ತೇಲುವ ಕೊಳವೆಯಲ್ಲಿ ದಡಕ್ಕೆ ನೂಕುತ್ತದೆ. ತೊಂದರೆಯನ್ನೂ ಹೇಳಿಬಿಡುತ್ತೇನೆ: ಅದು ಕಳಿಸುವುದರಲ್ಲಿ ಬಹುಪಾಲು ನೀರೇ. ಆ ಕೆಸರು ನಿಂತು ಇಳಿಯಲು ದಡದಲ್ಲಿ ಒಡ್ಡು ಹಾಕಿದ ವಿಶಾಲ ಜಾಗ ಬೇಕು, ತಿಳಿನೀರು ವಾಪಸ್ ಕೆರೆಗೆ ಬರಬೇಕು. ಕೆಲಸ ನಡೆಯುವಾಗ ಸುತ್ತ ನೀರು ಕದಡುತ್ತದೆ. ಕುಡಿಯುವ ನೀರೆತ್ತುವ ಜಾಗದ ಹತ್ತಿರ ಅದನ್ನು ಓಡಿಸುವಂತಿಲ್ಲ. ಖರ್ಚು ಜಾಸ್ತಿ. ಎಲ್ಲಿ ನಿಜಕ್ಕೂ ಬೇಕೆಂದು ನಕ್ಷೆ ತೋರಿಸುತ್ತದೋ ಅಲ್ಲಿಗೆ ಮಾತ್ರ ಅದು ಸರಿ.

ಏನೇ ಹೇಳಿದರೂ ನಕ್ಷೆಗೇ ಬಂದು ನಿಲ್ಲುತ್ತೇನೆ. 2022ರಲ್ಲಿ ವಾಣಿವಿಲಾಸ ಸಾಗರ ತುಂಬಿ ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ಹಿರಿಯೂರಿಗೆ ಹೋಗಿ ಆ ನೀರು ನೋಡಿ ನಾನೂ ಕಣ್ಣು ಒರೆಸಿಕೊಂಡೆ. ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ 130 ಅಡಿ ಎಂಬ ಲೆಕ್ಕ. ಆದರೆ ಅಡಿಪಟ್ಟಿ ನೀರಿನ ಮೇಲ್ಮೈ ಎಲ್ಲಿದೆ ಎಂದಷ್ಟೇ ಹೇಳುತ್ತದೆ, ತಳ ಎಷ್ಟು ಮೇಲೆ ಬಂದಿದೆ ಎಂದು ಹೇಳುವುದಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಈಗಿನ ಲೆಕ್ಕ 105.79. ಅಡಿಪಟ್ಟಿಯ ಮೇಲೆ ಪೂರ್ಣ ಮಟ್ಟ ಅಂದೂ ಅದೇ, ಇಂದೂ ಅದೇ. ನಡುವಿನ ಇಪ್ಪತ್ತೇಳು ಟಿಎಂಸಿ ಹೂಳಾದದ್ದು ಗೊತ್ತಾಗಿದ್ದು ಯಾರೋ ದೋಣಿಯಲ್ಲಿ ಹೋಗಿ ತಳ ಅಳೆದದ್ದರಿಂದ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಹೂಳೆತ್ತುವ ಯಾವ ಅಂದಾಜುಪಟ್ಟಿಗೂ ಸಹಿ ಬೀಳುವ ಮೊದಲು, ಕೆರೆ ತುಂಬಿದ ಹೊತ್ತಿನಲ್ಲಿ, ಸೂಳೆಕೆರೆಯ ತಳದ ಪೂರ್ತಿ ಸರ್ವೆ ಆಗಲಿ. ಯಾವ ತಳ ಹಿಡಿಯುತ್ತೀರಿ, ಅಂಬಲಿಯದೋ ಗಟ್ಟಿಯದೋ, ಎಂದು ಕರಾರಿನಲ್ಲೇ ಬರೆಯಿರಿ. ಆ ನಕ್ಷೆಯನ್ನು ಕಚೇರಿಯ ಕಪಾಟಿನಲ್ಲಿ ಇಡಬೇಡಿ. ಕೆರೆ ಸುತ್ತಲಿನ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೂ ಚಿತ್ರದುರ್ಗದ ನಗರಸಭೆಗೂ ಕನ್ನಡದಲ್ಲಿ ಅಂಟಿಸಿ. ಗುತ್ತಿಗೆದಾರನಿಗೆ ಲೋಡಿನ ಮೇಲೆ ದುಡ್ಡು ಕೊಡಬೇಡಿ. ಮುಂಚಿನ ಅಳತೆ, ನಂತರದ ಅಳತೆ, ಅವೆರಡರ ವ್ಯತ್ಯಾಸದ ಮೇಲೆ ಕೊಡಿ, ಎರಡೂ ಅಳತೆಯನ್ನು ಗುತ್ತಿಗೆದಾರನಿಗೆ ಸಂಬಂಧವಿಲ್ಲದವರಿಂದ ಮಾಡಿಸಿ. ತೆಗೆದ ಮಣ್ಣು ಕೆರೆಯ ಅಂಚಿನಲ್ಲಿ ಒಂದು ರಾತ್ರಿಯೂ ಮಲಗಬಾರದು. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅದೇ ಗೆರೆಗಳ ಮೇಲೆ ಮತ್ತೆ ಅಳೆಯಿರಿ. ಆಗ ವರ್ಷಕ್ಕೆ ಎಷ್ಟು ಹೂಳು ಬರುತ್ತದೆ, ಯಾವ ಹಳ್ಳದಿಂದ ಬರುತ್ತದೆ ಎಂದು ತಿಳಿಯುತ್ತದೆ. ಮೇಲಿನ ಗುಡ್ಡಗಳಲ್ಲಿ ಎಲ್ಲಿ ಒಡ್ಡು ಹಾಕಬೇಕು, ಎಲ್ಲಿ ಗಿಡ ಉಳಿಸಬೇಕು ಎಂಬುದನ್ನೂ ಅದೇ ತೋರಿಸುತ್ತದೆ. ಒತ್ತುವರಿ ಎಷ್ಟೆಂಬ ಜಗಳಕ್ಕೂ ಅಂಚಿನ ಗೆರೆ ನಕ್ಷೆಯ ಮೇಲೆ ಸಿಕ್ಕೀತು.

ಇದಕ್ಕೆ ವಿದೇಶದಿಂದ ಏನೂ ತರಿಸಬೇಕಾಗಿಲ್ಲ. ಒಂದು ದೋಣಿ, ಒಂದು ಎಕೋ ಸೌಂಡರ್, ಒಂದು ಒಳ್ಳೆಯ ಜಿಪಿಎಸ್, ತಳದ ಮಣ್ಣು ಎತ್ತಿ ನೋಡಲು ಒಂದು ಕೊಳವೆ, ತಿಳಿದ ನಾಲ್ಕು ಜನ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಳ್ಳಿ, ಅವರಿಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗದು. ಕೆರೆಯ ಮೀನುಗಾರರನ್ನು ಮರೆಯಬೇಡಿ. ಬಲೆ ಎಲ್ಲಿ ಕೆಸರಿಗೆ ಹೂತುಕೊಳ್ಳುತ್ತದೆ, ಎಲ್ಲಿ ಕಲ್ಲಿಗೆ ಸಿಕ್ಕುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿಲ್ಲ.

ನನಗೆ ಸಂಬಳ ಬೇಡ, ಗೌರವಧನವೂ ಬೇಡ. ಸರ್ವೆ ಯಾವ ದಿನ ಎಂದು ಗೊತ್ತುಮಾಡಿದರೆ ಚಿತ್ರದುರ್ಗದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದು ದೋಣಿಯಲ್ಲಿ ಕೂರುತ್ತೇನೆ. ನನ್ನ ಹತ್ತಿರ ಹಳೆಯ ಕಾಲದ ಗುಂಡುಹಗ್ಗ ಒಂದಿದೆ, ಮೀಟರಿಗೊಂದು ಗಂಟು, ತುದಿಯಲ್ಲಿ ಸೀಸದ ಗುಂಡು. ಯಂತ್ರ ಹೇಳಿದ್ದು ಸರಿಯೇ ಎಂದು ನೋಡಲು ಅದನ್ನೂ ತರುತ್ತೇನೆ. ಈ ಪತ್ರಕ್ಕೆ ಉತ್ತರವಾಗಿ ಸರ್ವೆಯ ಒಂದು ತಾರೀಖು ಬರಲಿ ಎಂದು ಕಾಯುತ್ತಿದ್ದೇನೆ.

ಇಂತಿ,
ಸೂಳೆಕೆರೆ ನೀರಿನ ಋಣದಲ್ಲಿರುವ
ಒಬ್ಬ ನಿವೃತ್ತ ಡ್ರೆಜ್ಜರ್ ಕೆಲಸಗಾರ,
ಚಿತ್ರದುರ್ಗ